ರಾಕ್ ಗೋಷ್ಠಿಯಲ್ಲಿ ಅತಿಥಿವಾದ್ಯ

ತಮ್ಮ ಮೇಳಕ್ಕೆ ಸೇರದ ಕಲಾವಿದನೊಬ್ಬನನ್ನು ಕರೆತಂದು ಜೊತೆಯಲ್ಲಿ ಕೂಡಿಸಿಕೊಳ್ಳುವುದು ಸಂಗೀತದಲ್ಲಿ ಹೊಸ ಪದ್ಧತಿಯೇನೂ ಅಲ್ಲ. ಮೈಸೂರಿನ ಅರಮನೆಯಲ್ಲಿ ವೈಣಿಕ ವಿದ್ವಾಂಸರೂ ಇಂಗ್ಲಿಷ್ ಬ್ಯಾಂಡಿನವರೂ ಒಬ್ಬನೇ ದೊರೆಯ ಆಶ್ರಯದಲ್ಲಿ ಬಾಳಿದರು. ಮದುವೆಯ ಮೆರವಣಿಗೆಯಲ್ಲಿ ನಾಗಸ್ವರದವರು ಮುಂದೆಯೂ ಬ್ಯಾಂಡಿನವರು ಹಿಂದೆಯೂ ನಡೆದುದುಂಟು. ಆದರೆ ಅಲ್ಲಿ ಒಬ್ಬರು ನುಡಿಸುವಾಗ ಇನ್ನೊಬ್ಬರು ಸುಮ್ಮನಿರುತ್ತಿದ್ದರು. ಕೇಳುವವರು ಎರಡನ್ನೂ ಬೇರೆಬೇರೆಯಾಗಿಯೇ ಕೇಳಿ ಬೇರೆಬೇರೆಯಾಗಿಯೇ ಮೆಚ್ಚುತ್ತಿದ್ದರು. ಈಚಿನ ರಾಕ್ ಗೋಷ್ಠಿಗಳಲ್ಲಿ ಈ ಬೇರ್ಪಾಟು ಉಳಿದಿಲ್ಲ. ಒಂದೇ ವೇದಿಕೆ, ಒಂದೇ ಹೊತ್ತು, ಒಂದೇ ಹಾಡು. ಅದರೊಳಗೆ ಗಿಟಾರು, ಮೃದಂಗ, ಪಿಟೀಲು, ಕೊಳಲು, ತಮಟೆ ಎಲ್ಲವೂ ಸೇರಿ ನುಡಿಯತಕ್ಕದ್ದು. ಪ್ರಕಟಣಪತ್ರಗಳಲ್ಲಿ ‘ವಿಶೇಷ ಅತಿಥಿಗಳು’ ಎಂಬ ಒಕ್ಕಣೆ ದಪ್ಪಕ್ಷರದಲ್ಲಿರುತ್ತದೆ. ಬಂದ ಅತಿಥಿಗೆ ಆ ಮನೆಯಲ್ಲಿ ಸಿಕ್ಕುವುದು ಬರಿಯ ಮಣೆಯೋ, ಅಥವಾ ಅಡಿಗೆಯಲ್ಲಿ ಪಾಲೂ ಉಂಟೋ ಎಂಬುದೇ ವಿಮರ್ಶಕನು ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆ ಕೋಲಾರದ ಸೀಮೆಗೆ ದೂರದ್ದೆಂದು ತಿಳಿಯಬೇಕಾದುದಿಲ್ಲ. ಬೆಂಗಳೂರಿನಲ್ಲಿ ನಡೆಯುವ ಇಂಥ ಗೋಷ್ಠಿಗಳಿಗೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ತರುಣರು ಹೋಗಿಬರುವುದುಂಟು. ಮನೆಯ ಹಿರಿಯರಿಗೆ ಅದು ಬರಿಯ ಗದ್ದಲವೆಂದು ತೋರುವುದೂ ಉಂಟು. ಇಬ್ಬರಿಗೂ ಒಪ್ಪಿಗೆಯಾಗಬಹುದಾದ ಅಳತೆಗೋಲೊಂದು ಬೇಕಾದರೆ ಅದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿಯೇ ದೊರೆಯುತ್ತದೆ. ರಾಕ್ ಎಂಬ ಇಂಗ್ಲಿಷ್ ಮಾತಿಗೆ ಬಂಡೆ ಎಂಬ ಅರ್ಥವೂ ಇದೆ, ತೂಗಾಡು ಎಂಬ ಅರ್ಥವೂ ಇದೆ. ಸಂಗೀತಕ್ಕೆ ಆ ಹೆಸರು ಬಂದುದು ಎರಡನೆಯ ಅರ್ಥದಿಂದ. ಆದರೂ ಮೊದಲನೆಯ ಅರ್ಥದವರು, ಎಂದರೆ ಕಲ್ಲನ್ನು ಬಲ್ಲವರು, ಇಲ್ಲಿ ಪ್ರಮಾಣವಾಗಬಲ್ಲರು. ಶಿವಾರಪಟ್ಟಣದ ಶಿಲ್ಪಿಗಳು ಕಡೆದ ದೇವತಾಮೂರ್ತಿಗಳು ಊರೂರಿನ ಗುಡಿಗಳಲ್ಲಿ ಪೂಜೆಗೊಳ್ಳುತ್ತಿವೆ. ಕಲ್ಲಿನ ಕೆಲಸದಲ್ಲಿ ಸೇರಿಸುವುದೆಂಬುದಿಲ್ಲ, ತೆಗೆಯುವುದೊಂದೇ ಉಂಟು. ದಪ್ಪ ಉಳಿಯ ಕೆಲಸ ಒಬ್ಬನದಾಗಿ ನಯದ ಕೆಲಸ ಇನ್ನೊಬ್ಬನದಾದಾಗ, ಮೊದಲಿನವನು ಎಷ್ಟು ಬಿಟ್ಟಿದ್ದಾನೆ, ಎಲ್ಲಿ ನಿಲ್ಲಿಸಿದ್ದಾನೆ ಎಂಬುದರ ಮೇಲೆ ಎರಡನೆಯವನ ಕೈಯ ಸಾರ್ಥಕ್ಯ ನಿಂತಿರುತ್ತದೆ. ಹಲವು ಕೈಗಳು ಸೇರಿ ಒಂದು ಮೂರ್ತಿಯಾಗಬೇಕಾದರೆ ಪ್ರತಿಯೊಂದು ಕೈಯೂ ತನ್ನ ಉತ್ಸಾಹದಲ್ಲಿ ಸ್ವಲ್ಪವನ್ನು ತಡೆದುಕೊಳ್ಳಬೇಕು. ಅತಿಥಿಗಳಿರುವ ರಾಕ್ ಗೋಷ್ಠಿಯನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ: ಬಂದವನಿಗಾಗಿ ಮನೆಯವನು ಏನನ್ನು ಬಿಟ್ಟುಕೊಟ್ಟನು?

ಇದನ್ನು ವಿಚಾರಿಸುವ ಮೊದಲು ಮನೆಯವನ ಸ್ವಭಾವವನ್ನು ತಿಳಿಯತಕ್ಕದ್ದು. ರಾಕ್ ಸಂಗೀತ ಅಮೆರಿಕದಲ್ಲಿ ೧೯೫೦ರ ದಶಕದಲ್ಲಿ ರೂಪುಗೊಂಡಿತು. ಅದರ ಬೇರು ಆ ದೇಶದ ಕರಿಯ ಜನರ ದುಡಿಮೆಯ ಹಾಡು, ದುಃಖದ ಹಾಡು, ದೇವಾಲಯದ ಹಾಡುಗಳಲ್ಲಿದೆ. ಅದರ ಮುಖ್ಯ ವಾದ್ಯವಾದ ವಿದ್ಯುತ್ ಗಿಟಾರಿನಲ್ಲಿ ಧ್ವನಿಯನ್ನು ಬೆಳೆಸುವ ಕುಡಿಕೆಯಿಲ್ಲ. ಲೋಹದ ತಂತಿ ಅಯಸ್ಕಾಂತದ ಸಮೀಪದಲ್ಲಿ ಕಂಪಿಸಿದಾಗ ಅದರ ಸುತ್ತಿನ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ಪ್ರವಾಹ ಹುಟ್ಟುತ್ತದೆ. ಆ ಪ್ರವಾಹವನ್ನು ಯಂತ್ರದಿಂದ ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಟ್ಟರೆ ನಾದವಾಗುತ್ತದೆ. ಆದಕಾರಣ ಇದು ವಿದ್ಯುತ್ತಿನ ಮಗುವೆಂದರೆ ತಪ್ಪಾಗಲಾರದು. ವಿದ್ಯುತ್ತಿನ ಮಾತು ಈ ಜಿಲ್ಲೆಗೆ ಹೊಸದಲ್ಲ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ೧೯೦೨ರಲ್ಲಿ ಮೊದಲು ಹರಿದು ಬಂದುದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ಅದರಿಂದ ದೀಪ ಹೊತ್ತಿದುದು ೧೯೦೫ರಲ್ಲಿ. ಬಂಡೆಯನ್ನು ಸೀಳಿದ ಆ ಶಕ್ತಿಯೇ ಮುಂದೆ ತಂತಿಯಲ್ಲಿ ಹಾಡಿತು.

ಗಿಟಾರಿನ ಜೊತೆಗೆ ಮಂದ್ರದ ಗಿಟಾರು, ಹಲವು ಭೇರಿಗಳೂ ಕಂಚಿನ ತಟ್ಟೆಗಳೂ ಸೇರಿದ ಡ್ರಮ್, ಹಾಡುವವನ ಕೊರಳು ಇವು ರಾಕ್ ಮೇಳದ ಸಾಮಾನ್ಯ ಅಂಗಗಳು. ನಾಲ್ಕು ಎಣಿಕೆಯ ನಡೆಯಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಪೆಟ್ಟು ಬಲವಾಗಿ ಬೀಳುತ್ತದೆ. ಕೇಳುವವರ ಮೈ ತೂಗುವುದು ಇದರಿಂದಲೇ. ಅಲ್ಲಿ ಸಭಿಕರು ಜಮಖಾನದ ಮೇಲೆ ಕುಳಿತು ತಾಳ ಹಾಕುವುದಿಲ್ಲ. ಬಯಲಿನಲ್ಲಿ ನಿಂತು, ಕೈಯೆತ್ತಿ, ಪಲ್ಲವಿಯನ್ನು ತಾವೂ ಹಾಡುತ್ತಾರೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ ೨೦೦೩ರಲ್ಲಿ ರೋಲಿಂಗ್ ಸ್ಟೋನ್ಸ್, ೨೦೦೭ರಲ್ಲಿ ಐರನ್ ಮೇಡನ್, ೨೦೧೧ರಲ್ಲಿ ಮೆಟಾಲಿಕಾ ಎಂಬ ಮೇಳಗಳು ಹಾಡಿದಾಗ ನೆರೆದ ಜನಸ್ತೋಮ ಜಾತ್ರೆಯನ್ನು ನೆನಪಿಗೆ ತರುವಂಥದು. ಇಷ್ಟು ದೊಡ್ಡ ದನಿಯೇ ದೋಷವೆಂದು ಹೇಳುವವರು ಡೊಳ್ಳನ್ನೂ ಕರಡಿಮಜಲನ್ನೂ ಮರೆತಿರಬೇಕು. ಗಾತ್ರ ಒಂದು ಗುಣ. ಗುಣವು ದೋಷವಾಗುವುದು ಪಕ್ಕದವನ ದನಿಯನ್ನು ಅದು ನುಂಗಿದಾಗ. ಅತಿಥಿ ಬಂದಾಗಲೇ ಈ ಪರೀಕ್ಷೆ ಒದಗುವುದು.

ಅತಿಥಿಗಳನ್ನು ಮೂರು ತೆರನಾಗಿ ವಿಂಗಡಿಸಬಹುದು. ಮೊದಲನೆಯದು ಅಲಂಕಾರದ ಅತಿಥಿ. ಹಾಡು ಆಗಲೇ ಸಿದ್ಧವಾಗಿರುತ್ತದೆ. ನಡುವೆ ಹದಿನಾರು ಎಣಿಕೆಗಳ ತೆರಪನ್ನು ಬಿಟ್ಟು ಅಲ್ಲಿ ಸಿತಾರನ್ನೋ ಕೊಳಲನ್ನೋ ಇಟ್ಟು ಮತ್ತೆ ಮುಚ್ಚುತ್ತಾರೆ. ಎರಡನೆಯದು ಸ್ಪರ್ಧೆಯ ಅತಿಥಿ. ಗಿಟಾರಿನವನು ಒಂದು ಬೀಸು ಬೀಸಿದರೆ ಪಿಟೀಲಿನವನು ಅದಕ್ಕಿಂತ ವೇಗವಾಗಿ ಮರುಬೀಸು ಬೀಸಬೇಕು. ಸಭೆಯ ಚಪ್ಪಾಳೆ ಇಬ್ಬರ ಬೆರಳಿನ ವೇಗಕ್ಕೆ ಸಲ್ಲುತ್ತದೆಯೇ ಹೊರತು ರಾಗಕ್ಕೆ ಸಲ್ಲುವುದಿಲ್ಲ. ಮೂರನೆಯದು ಪಾಲುಗಾರನಾದ ಅತಿಥಿ. ಅವನು ಬಂದುದರಿಂದ ಹಾಡಿನ ನಡೆಯೇ ಬೇರೆಯಾಗುತ್ತದೆ. ಅವನು ಎದ್ದುಹೋದ ಮೇಲೂ ಮನೆಯವರು ಮೊದಲಿನಂತೆ ಹಾಡಲಾರರು. ಮೊದಲೆರಡು ತೆರನವು ಹೆಚ್ಚು, ಮೂರನೆಯದು ವಿರಳ. ವಿರಳವಾದುದರಿಂದಲೇ ಅದರ ನಿದರ್ಶನಗಳನ್ನು ಹುಡುಕಿ ನೋಡತಕ್ಕದ್ದು.

ಅತಿಥಿಗಳ ಗೋಷ್ಠಿಗಳಲ್ಲೆಲ್ಲ ಹೆಸರಾದುದು ೧೯೭೧ರ ಆಗಸ್ಟ್ ೧ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಎರಡು ಹೊತ್ತು ನಡೆದುದು. ಬಂಗಾಳದ ನಿರಾಶ್ರಿತರ ಸಂಕಟಕ್ಕಾಗಿ ಪಂಡಿತ ರವಿಶಂಕರರು ಕೋರಲಾಗಿ ಜಾರ್ಜ್ ಹ್ಯಾರಿಸನ್ನನು ಅದನ್ನು ಏರ್ಪಡಿಸಿದನು. ಬಾಬ್ ಡಿಲನ್, ಎರಿಕ್ ಕ್ಲ್ಯಾಪ್ಟನ್, ರಿಂಗೊ ಸ್ಟಾರ್ ಮೊದಲಾದವರು ಅತಿಥಿಗಳಾಗಿ ಬಂದರು. ಮೊದಲಿಗೆ ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ, ಕಮಲಾ ಚಕ್ರವರ್ತಿ ಇವರ ವಾದನ. ಅದು ಮುಗಿದ ಮೇಲೆ ರಾಕ್ ಸಂಗೀತ. ವಾದ್ಯಗಳ ಶ್ರುತಿ ಹೊಂದಿಸಿ ಮುಗಿಸಿದೊಡನೆ ಸಭಿಕರು ಚಪ್ಪಾಳೆ ತಟ್ಟಿದರು. ಶ್ರುತಿ ಹೊಂದಿಸಿದುದೇ ಇಷ್ಟು ಹಿಡಿಸಿದ್ದರೆ ವಾದನ ಇನ್ನೂ ಹಿಡಿಸೀತೆಂದು ರವಿಶಂಕರರು ಮೃದುವಾಗಿ ನುಡಿದರು. ಈ ಪ್ರಸಂಗವನ್ನು ಹೇಳಿ ನಗುವವರು ಬಹಳ ಮಂದಿ. ಆದರೆ ಅದರಲ್ಲಿ ನಗೆಗಿಂತ ಹೆಚ್ಚಿನ ಒಂದು ಮಾತಿದೆ. ಅಂದು ಎರಡು ಸಂಗೀತಗಳನ್ನು ಕಲಸಲಿಲ್ಲ. ಒಂದಕ್ಕೆ ಅದರದೇ ಹೊತ್ತನ್ನೂ ಅದರದೇ ಮೌನವನ್ನೂ ಕೊಟ್ಟು, ಆಮೇಲೆ ಇನ್ನೊಂದನ್ನು ತೊಡಗಿದರು. ಸಹಯೋಗವು ಸಾಧ್ಯವಿಲ್ಲದ ಕಡೆ ಮರ್ಯಾದೆಯಾದರೂ ಇರಬೇಕೆಂಬುದಕ್ಕೆ ಅದು ಮಾದರಿ. ಕೇಳುವವನೂ ಕಲಿತು ಬರತಕ್ಕವನೆಂಬುದಕ್ಕೆ ಆ ಚಪ್ಪಾಳೆ ಸಾಕ್ಷಿ.

ಮರ್ಯಾದೆಯನ್ನು ದಾಟಿ ಸಹಯೋಗಕ್ಕೆ ಹೋದ ನಿದರ್ಶನ ಬೆಂಗಳೂರಿನಲ್ಲಿಯೇ ಇದೆ. ೧೯೬೪ರಲ್ಲಿ ಅಲ್ಲಿ ಸ್ಥಾಪಿತವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯಶಾಲೆಯ ಟಿ.ಎ.ಎಸ್. ಮಣಿ ಅವರೂ, ಗಾಯಕಿ ಆರ್.ಎ. ರಮಾಮಣಿ ಅವರೂ ಯೂರೋಪಿನ ಮೇಳಗಳೊಡನೆ ಬಹುಕಾಲ ದುಡಿದರು. ಜರ್ಮನಿಯ ಎಂಬ್ರಿಯೊ ಎಂಬ ರಾಕ್ ಮೇಳ ೧೯೭೮–೭೯ರಲ್ಲಿ ಬಸ್ಸಿನಲ್ಲಿ ಭೂಮಾರ್ಗವಾಗಿ ಭಾರತಕ್ಕೆ ಬಂದಿತು. ಆ ಮೇಳದಿಂದ ಹೊರಟ ಕೆಲವರು ಡಿಸಿಡೆಂಟನ್ ಎಂಬ ಹೆಸರಿನಲ್ಲಿ ಬೇರೆ ಮೇಳ ಕಟ್ಟಿ ೧೯೮೨ರಲ್ಲಿ ‘ಜರ್ಮನಿಸ್ತಾನ್’ ಎಂಬ ಧ್ವನಿಮುದ್ರಿಕೆಯನ್ನು ಈ ತಾಳವಾದ್ಯದವರೊಡನೆ ಸೇರಿ ಹೊರತಂದರು. ೧೯೮೩ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಇವರೊಡನೆ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಮಾಡಿದನು. ಮರಿಯಾನೊ ನಾಗಸ್ವರವನ್ನು ಕಲಿತಿದ್ದವನು. ಹೊರಗಿನಿಂದ ಬಂದವನು ಮನೆಯ ವಾದ್ಯವನ್ನು ಕಲಿಯುವ ಕಷ್ಟಕ್ಕೆ ಒಳಗಾಗಿದ್ದನೆಂಬುದು ಸಾಮಾನ್ಯ ಸಂಗತಿಯಲ್ಲ. ಕಲಿಯುವವನು ಮೊದಲು ತಪ್ಪಾಗಿ ನುಡಿಸಬೇಕಾಗುತ್ತದೆ. ತನ್ನ ವಾದ್ಯದಲ್ಲಿ ಪ್ರಸಿದ್ಧನಾದವನು ಇನ್ನೊಂದರಲ್ಲಿ ಶಿಷ್ಯನಾಗಿ ಕುಳಿತುಕೊಳ್ಳುವುದೇ ಬಿಟ್ಟುಕೊಡುವುದರ ಮೊದಲ ಮೆಟ್ಟಿಲು.

ಈ ಸಹಯೋಗ ಏತಕ್ಕೆ ಕೈಗೂಡಿತೆಂಬುದನ್ನು ಲಯದ ಲೆಕ್ಕದಿಂದಲೇ ತಿಳಿಯಬಹುದು. ರಾಕಿನ ನಾಲ್ಕು ಎಣಿಕೆಯೂ ಆದಿತಾಳದ ಎಂಟು ಅಕ್ಷರವೂ ಸುಲಭವಾಗಿ ಕೂಡುತ್ತವೆ. ಇಬ್ಬರೂ ಯಾವ ಶ್ರಮವೂ ಇಲ್ಲದೆ ಜೊತೆಯಾಗಿ ನಡೆಯಬಹುದು. ಹಾಗೆ ನಡೆದರೆ ಸಿಕ್ಕುವುದು ಸೊಗಸಾದ ಕಾಲಕ್ಷೇಪವೇ ಹೊರತು ಹೆಚ್ಚಲ್ಲ. ಮಿಶ್ರಚಾಪುವಿನ ಏಳು ಅಕ್ಷರವನ್ನೋ ಖಂಡಚಾಪುವಿನ ಐದನ್ನೋ ಹಿಡಿದಾಗ ಡ್ರಮ್ಮಿನವನು ತನ್ನ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿನ ಅಭ್ಯಾಸವನ್ನು ಬಿಡಲೇಬೇಕು. ಕೊನ್ನಕ್ಕೋಲಿನ ಜತಿಗಳನ್ನು ಬಾಯಲ್ಲಿ ಕಲಿತು, ಕೈಯನ್ನು ಅದಕ್ಕೆ ಒಗ್ಗಿಸಬೇಕು. ಅತ್ತ ಮೃದಂಗದವನೂ ಮುಕ್ತಾಯದ ಕೋರ್ವೆಗಳನ್ನು ಎಲ್ಲೆಂದರಲ್ಲಿ ಹೂಡದೆ, ಮೇಳದ ಸ್ವರಸಮೂಹ ಬದಲಾಗುವ ಸ್ಥಳಕ್ಕೆ ಕಾಯಬೇಕು. ಏತಕ್ಕೆಂದರೆ ಪಾಶ್ಚಾತ್ಯ ಪದ್ಧತಿಯಲ್ಲಿ ಹಲವು ಸ್ವರಗಳು ಏಕಕಾಲದಲ್ಲಿ ಕೂಡಿ ನಿಂತು, ಕೂಡಿಯೇ ಸ್ಥಾನ ಬದಲಿಸುತ್ತವೆ. ರಾಗದಲ್ಲಿ ಆಧಾರಷಡ್ಜ ಕದಲುವುದಿಲ್ಲ. ಈ ಎರಡನ್ನು ಹೊಂದಿಸುವಾಗ ಒಂದು ಗಮಕವೋ ಒಂದು ಸ್ವರಸಮೂಹವೋ ನಷ್ಟವಾಗಲೇಬೇಕು. ಯಾರ ನಷ್ಟವೆಂಬುದನ್ನು ಅಭ್ಯಾಸದ ಕೋಣೆಯಲ್ಲಿ ಮಾತಾಡಿ ನಿಶ್ಚಯಿಸಿಕೊಂಡ ಮೇಳ ವೇದಿಕೆಯ ಮೇಲೆ ಗೆಲ್ಲುತ್ತದೆ. ಮಾತಾಡದ ಮೇಳದಲ್ಲಿ ಧ್ವನಿವರ್ಧಕ ಯಾರದು ದೊಡ್ಡದೋ ಅವರೇ ಗೆಲ್ಲುತ್ತಾರೆ.

ರಾಕಿನ ಅಣ್ಣನೆನ್ನಬಹುದಾದ ಜಾಸ್ ಸಂಗೀತದಲ್ಲಿ ನಡೆದ ಇನ್ನೊಂದು ಸಂಗತಿ ಕನ್ನಡ ನಾಡಿಗೆ ಹೆಮ್ಮೆಯದು. ಬಂಟ್ವಾಳದ ಸಜೀಪದಲ್ಲಿ ೧೯೪೯ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಅದಕ್ಕೆ ಮನಸೋತು, ಗಮಕಕ್ಕೆ ಒಗ್ಗದ ಆ ಲೋಹದ ವಾದ್ಯವನ್ನು ಹಲವು ವರ್ಷಗಳ ಸಾಧನೆಯಿಂದ ರಾಗಕ್ಕೆ ಒಗ್ಗಿಸಿದರು. ೧೯೮೦ರ ಮುಂಬಯಿಯ ಜಾಸ್ ಉತ್ಸವದಲ್ಲಿ ಅವರ ವಾದನವನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತಾನೂ ವೇದಿಕೆಗೆ ಬಂದು ಜೊತೆಯಲ್ಲಿ ನುಡಿಸಬಹುದೇ ಎಂದು ಅವರನ್ನು ಕೇಳಿದನು. ಸ್ಯಾಕ್ಸೊಫೋನ್ ಹುಟ್ಟಿ ಬೆಳೆದ ಸಂಪ್ರದಾಯದವನು, ಅದನ್ನು ಎರವಲು ಪಡೆದ ಸಂಪ್ರದಾಯದವರ ಬಳಿ ಅಪ್ಪಣೆ ಬೇಡಿದನು. ಯಾರು ಮನೆಯವರು, ಯಾರು ಅತಿಥಿ ಎಂಬುದು ಅಲ್ಲಿ ತಲೆಕೆಳಗಾಯಿತು. ಕದ್ರಿಯವರು ೨೦೧೯ರಲ್ಲಿ ತೀರಿಕೊಂಡರು. ಅವರ ಕೈಯಲ್ಲಿ ಸ್ಯಾಕ್ಸೊಫೋನು ಅತಿಥಿಯಾಗಿ ಉಳಿಯದೆ ಮನೆಯ ಮಗುವಾಯಿತೆಂಬುದು ನಿರ್ವಿವಾದ.

ಹೀಗೆ ಮನೆಯವನಾದ ಅತಿಥಿಗಳಲ್ಲಿ ಹಿರಿಯದು ಪಿಟೀಲು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಾಲುಸ್ವಾಮಿ ದೀಕ್ಷಿತರೇ ಮೊದಲಾದವರು ಅದನ್ನು ಮದರಾಸಿನಲ್ಲಿದ್ದ ಯೂರೋಪಿಯನ್ನರಿಂದ ಎತ್ತಿಕೊಂಡರು. ಗಲ್ಲದ ಕೆಳಗೆ ನಿಲ್ಲುತ್ತಿದ್ದ ವಾದ್ಯ ಪದ್ಮಾಸನದಲ್ಲಿ ಕುಳಿತವನ ಪಾದಕ್ಕೆ ಇಳಿಯಿತು. ಶ್ರುತಿ ಬದಲಾಯಿತು, ಬೆರಳು ಜಾರುವ ಕ್ರಮ ಬದಲಾಯಿತು. ವಾದ್ಯವೂ ಬಿಟ್ಟುಕೊಟ್ಟಿತು, ಸಂಗೀತವೂ ಎಡೆ ಕೊಟ್ಟಿತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೆ ನಾದ ಮುಟ್ಟಲೆಂದು ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಗಳನ್ನು ಏಳು ಮಾಡಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಭವನ ಪಿಟೀಲಿನ ಆಕಾರದಲ್ಲಿಯೇ ನಿಂತಿದೆ. ಪರದೇಶದ ವಾದ್ಯವೊಂದು ಈ ಬಗೆಯ ಗೌರವಕ್ಕೆ ಪಾತ್ರವಾಗಲು ಸುಮಾರು ನೂರೈವತ್ತು ವರ್ಷಗಳು ಬೇಕಾದುವು. ಒಂದು ಸಂಜೆಯ ಗೋಷ್ಠಿಯಿಂದ ಅಷ್ಟನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಆ ದಾರಿಯ ಕಡೆಗೆ ಒಂದು ಹೆಜ್ಜೆಯನ್ನಾದರೂ ನಿರೀಕ್ಷಿಸುವುದು ಅನ್ಯಾಯವೂ ಅಲ್ಲ.

ವಾದ್ಯದಂತೆಯೇ ಸಾಹಿತ್ಯವೂ ಅತಿಥಿಯಾಗಬಲ್ಲುದು. ಶಿಶುನಾಳ ಶರೀಫರ (೧೮೧೯–೧೮೮೯) ತತ್ವಪದಗಳು ಏಕತಾರಿಯ ಜೊತೆಯಲ್ಲಿ ಊರೂರು ತಿರುಗಿದುವು. ಸಿ. ಅಶ್ವಥ್ ಅವರ ಕಂಠದಿಂದಲೂ ೧೯೯೦ರ ಚಲಚ್ಚಿತ್ರದಿಂದಲೂ ಅವು ಪಟ್ಟಣದ ಮನೆಗಳನ್ನು ಹೊಕ್ಕುವು. ಆಮೇಲೆ ರಘು ದೀಕ್ಷಿತರ ಮೇಳ ೨೦೦೮ರ ತನ್ನ ಮೊದಲ ಧ್ವನಿಮುದ್ರಿಕೆಯಲ್ಲಿ ಗುಡುಗುಡಿಯ ಪದವನ್ನೂ ಸೋರುವ ಮಾಳಿಗೆಯ ಪದವನ್ನೂ ಗಿಟಾರು ಡ್ರಮ್ಮುಗಳೊಡನೆ ಹಾಡಿತು. ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿದ ಗಾಯಕ ೨೦೧೧ರಲ್ಲಿ ಇಂಗ್ಲೆಂಡಿನ ಗ್ಲ್ಯಾಸ್ಟನ್‌ಬರಿ ಉತ್ಸವದಲ್ಲಿಯೂ ಹಾಡಿದನು. ಕನ್ನಡದ ಒಂದಕ್ಷರವನ್ನೂ ಅರಿಯದ ಜನ ಹಳ್ಳಿಯ ಸಂತನ ಪದಕ್ಕೆ ಮೈ ತೂಗಿದರು. ಇದು ಅಲ್ಪ ಸಾಧನೆಯಲ್ಲ. ಕನ್ನಡದಲ್ಲಿ ಹಾಡಿದರೆ ನಗೆಗೀಡಾಗಬೇಕಾದೀತೆಂದು ಅಳುಕುತ್ತಿದ್ದ ನಗರದ ತರುಣರ ಸಂಕೋಚವನ್ನು ಅದು ಕಳೆಯಿತು. ಶಬ್ದಗಳ ಉಚ್ಚಾರ ಶುದ್ಧ, ಕಂಠ ತೆರವಾದದ್ದು, ಉತ್ಸಾಹ ಕೃತಕವಲ್ಲ.

ಆದರೂ ಮೇಲಿನ ಅಳತೆಗೋಲನ್ನು ಇಲ್ಲಿಯೂ ಹಿಡಿಯತಕ್ಕದ್ದು. ಶರೀಫರು ಹಾಡಿದ ಸೋರುವ ಮನೆ ಮಣ್ಣಿನ ಮನೆಯಲ್ಲ; ಅರಿವಿಲ್ಲದವನ ಬಾಳು. ಗುಡುಗುಡಿಯೂ ಹೊಗೆಸೊಪ್ಪಿನ ಮಾತಲ್ಲ. ಇಂಥ ಪದದಲ್ಲಿ ಮೊದಲು ನಗೆ, ಆಮೇಲೆ ಅರೆಗಳಿಗೆಯ ಮೌನ, ಆ ಮೌನದಲ್ಲಿ ಅರ್ಥ. ಬಯಲಿನ ಗೋಷ್ಠಿಯಲ್ಲಿ ಪಲ್ಲವಿ ಸಾವಿರಾರು ಕೊರಳುಗಳಿಗೆ ಏರಿದಾಗ ನಗೆ ಉಳಿಯುತ್ತದೆ, ಮೌನ ಹೋಗುತ್ತದೆ. ಸೋರುತ್ತಿರುವ ಮನೆಯನ್ನು ಕುರಿತು ಕೈತಟ್ಟಿ ಕುಣಿಯುವ ಸಭೆಯನ್ನು ಕಂಡು ಶರೀಫರು ನಗುತ್ತಿದ್ದರೋ ಮರುಗುತ್ತಿದ್ದರೋ ಹೇಳಬರುವಂತಿಲ್ಲ. ಅತಿಥಿ ಬದುಕಿದ್ದರೆ ತನಗೆ ಬೇಕಾದುದನ್ನು ಬಾಯಿಬಿಟ್ಟು ಕೇಳಿಯಾನು. ತೀರಿಹೋದ ಕವಿ ಕೇಳಲಾರನು. ಆದಕಾರಣ ಅವನ ಪರವಾಗಿ ಕೇಳುವ ಹೊಣೆ ಹಾಡುವವನದೇ ಆಗುತ್ತದೆ. ಡ್ರಮ್ಮನ್ನು ಒಂದು ಚರಣದ ಮಟ್ಟಿಗೆ ನಿಲ್ಲಿಸಿ, ಬರಿಯ ತಂತಿಯೊಡನೆ ಆ ಚರಣವನ್ನು ನುಡಿದರೆ ಹಾಡಿನ ಕಸುವೇನೂ ಕುಗ್ಗುವುದಿಲ್ಲ. ನಿಂತ ಪೆಟ್ಟು ಮರಳಿ ಬಂದಾಗ ಅದರ ಬಲ ಇಮ್ಮಡಿಯಾಗುತ್ತದೆಂಬುದು ರಾಕಿನವರೇ ಚೆನ್ನಾಗಿ ಬಲ್ಲ ಮರ್ಮ.

ಬೆಂಗಳೂರಿನದೇ ಆದ ಸ್ವರಾತ್ಮ ಎಂಬ ಮೇಳ ಈ ವಿಷಯದಲ್ಲಿ ಬೇರೊಂದು ದಾರಿಯನ್ನು ಹಿಡಿಯಿತು. ವಾಸು ದೀಕ್ಷಿತರು ಕೀಲುಕುದುರೆಯ ವೇಷ ಧರಿಸಿ ವೇದಿಕೆಯಲ್ಲಿ ಕುಣಿಯುವುದು ಈ ಮೇಳದ ಗುರುತು. ಅದರೊಳಗೆ ಪಿಟೀಲು ಅತಿಥಿಯಲ್ಲ, ಮೇಳದ ಅಂಗವೇ. ೨೦೧೧ರಲ್ಲಿ ‘ಡ್ಯೂವರಿಸ್ಟ್ಸ್’ ಎಂಬ ದೂರದರ್ಶನಮಾಲೆಗಾಗಿ ಅವರು ಹಿಂದೂಸ್ತಾನಿ ಗಾಯಕಿ ಶುಭಾ ಮುದ್ಗಲ್ ಅವರೊಡನೆ ಹಾಡೊಂದನ್ನು ಕಟ್ಟಿದರು. ಸಿದ್ಧವಾದ ಹಾಡಿಗೆ ಗಾಯಕಿಯನ್ನು ಕರೆಯದೆ, ಕೂಡಿದ ಮೇಲೆ ಹಾಡನ್ನು ಕಟ್ಟುವುದು ಆ ಮಾಲೆಯ ಕ್ರಮ. ಕ್ರಮದಲ್ಲಿಯ ಈ ಸಣ್ಣ ವ್ಯತ್ಯಾಸ ಫಲದಲ್ಲಿ ದೊಡ್ಡದು. ಅಡಿಗೆ ಮುಗಿದ ಮೇಲೆ ಬಂದವನು ಬಡಿಸಿದುದನ್ನು ಉಣ್ಣಬಲ್ಲನಷ್ಟೆ. ಒಲೆ ಹೊತ್ತಿಸುವಾಗ ಬಂದವನು ಉಪ್ಪಿನ ಅಳತೆಯಲ್ಲಿ ಮಾತಾಡಬಲ್ಲನು.

ಇನ್ನು ಈ ಜಿಲ್ಲೆಗೆ ಹತ್ತಿರದ ಮಾತು. ಕೋಲಾರದ ಸೀಮೆ ತಮಟೆಯ ಸೀಮೆ. ಚರ್ಮವನ್ನು ಬಳೆಗೆ ಬಿಗಿದು, ಬೆಂಕಿಗೆ ಕಾಯಿಸಿ ಶ್ರುತಿಗೆ ತಂದು, ಎರಡು ಕೋಲುಗಳಿಂದ ನುಡಿಸುವ ಈ ವಾದ್ಯಕ್ಕೆ ವಿದ್ಯುತ್ತಿನ ಹಂಗಿಲ್ಲ. ಬಹುಕಾಲ ಅದು ದಲಿತರ ಕೇರಿಗೆ ಕಟ್ಟುಬಿದ್ದಿತ್ತು. ಹೆಣದ ಮುಂದೆಯೂ ಜಾತ್ರೆಯ ಮುಂದೆಯೂ ಬೇಕಾದ ವಾದ್ಯ, ನುಡಿಸಿದವನಿಗೆ ಮಾತ್ರ ಜಗಲಿಯ ಮೇಲೆ ಎಡೆಯಿಲ್ಲ. ಆ ಅವಮಾನವನ್ನು ನುಂಗಿಕೊಂಡೇ ಕಲೆಯನ್ನು ಬೆಳೆಸಿದ ಜನ ಅದನ್ನು ಹೋರಾಟದ ದನಿಯನ್ನಾಗಿಯೂ ಮಾಡಿಕೊಂಡರು. ೨೦೦೭ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಯ ವಾದನಕ್ಕಾಗಿ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಇಂದು ನಗರದ ಮೇಳಗಳೂ ತಮಟೆಯನ್ನು ಅತಿಥಿಯಾಗಿ ಬಯಸುತ್ತಿವೆ. ಸಂತೋಷವೇ ಸರಿ. ಆದರೆ ಅಪಾಯವೂ ಇಲ್ಲಿಯೇ ಹೆಚ್ಚು. ಶಾಸ್ತ್ರೀಯ ವಿದ್ವಾಂಸನು ಅತಿಥಿಯಾದರೆ ಅವನ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ತಮಟೆಯವರು ಬಂದರೆ ‘ಜಾನಪದ ಕಲಾವಿದರು’ ಎಂಬ ಒಂದೇ ಮಾತಿನಲ್ಲಿ ಹತ್ತು ಹೆಸರುಗಳು ಮುಚ್ಚಿಹೋಗುವ ಸಂಭವವುಂಟು. ತಮಟೆಗೆ ಅದರದೇ ವರಸೆಗಳಿವೆ, ನಡೆಗಳಿವೆ, ನಿಧಾನದಿಂದ ವೇಗಕ್ಕೇರುವ ಕ್ರಮವಿದೆ. ಅವನ್ನೆಲ್ಲ ಬಿಡಿಸಿ, ಗೋಷ್ಠಿಯ ಕೊನೆಯಲ್ಲಿ ಎರಡು ನಿಮಿಷದ ಅಬ್ಬರಕ್ಕೆ ಮಾತ್ರ ಅದನ್ನು ಕರೆದರೆ, ಜಗಲಿ ಹೋಗಿ ವೇದಿಕೆ ಬಂದುದಷ್ಟೇ ಹೊರತು ಬೇರೇನೂ ಬದಲಾಗಲಿಲ್ಲ.

ಸಂಪ್ರದಾಯದ ಸಂಗೀತ ತನ್ನ ಮನೆಯಲ್ಲಿಯೇ ಇರಲಿ, ಬೀದಿಯ ಗೋಷ್ಠಿಗೆ ಏಕೆ ಹೋಗಬೇಕು ಎಂದು ಕೇಳುವ ಸಜ್ಜನರಿದ್ದಾರೆ. ಅವರಿಗೆ ಉತ್ತರವನ್ನು ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಸುಬ್ಬಣ್ಣ’ದಲ್ಲಿ ನೋಡಬಹುದು. ಆ ಕಥೆಯ ಗಾಯಕ ಮೈಸೂರನ್ನು ಬಿಟ್ಟು ದೂರದ ಕಲ್ಕತ್ತೆಗೆ ಹೋಗಿ ಪರಕೀಯರ ನಡುವೆ ಬಾಳುತ್ತಾನೆ; ಅವನ ಸಂಗೀತ ಅದರಿಂದ ಬಡವಾಗುವುದಿಲ್ಲ, ಪಕ್ವವಾಗುತ್ತದೆ. ಹೊರಗೆ ಹೋಗುವುದರಿಂದ ಕಲೆ ಕೆಡುವುದಿಲ್ಲ. ತನ್ನ ಮಾತನ್ನು ಮರೆತು ಹೋದರೆ ಕೆಡುತ್ತದೆ. ಇನ್ನೊಂದು ಕಡೆಯವರು,ಎರಡು ಬಗೆಯ ವಾದ್ಯ ಒಂದೆಡೆ ಕೂಡಿದುದೇ ಪ್ರಗತಿಯೆಂದು ಹಿಗ್ಗುತ್ತಾರೆ. ಕೂಡಿದುದೆಲ್ಲ ಕೂಟವಲ್ಲ. ಸಂತೆಯಲ್ಲಿಯೂ ಹತ್ತು ದನಿಗಳು ಕೂಡುತ್ತವೆ.

ಆದಕಾರಣ ಇಂಥ ಗೋಷ್ಠಿಗೆ ಹೋಗುವ ಸಹೃದಯನು ಮೂರು ವಿಷಯಗಳ ಕಡೆಗೆ ಕಿವಿಯಿಟ್ಟರೆ ಸಾಕು. ಅತಿಥಿ ನುಡಿಸುವಾಗ ಮನೆಯವರ ದನಿ ಇಳಿಯಿತೇ? ಅವನ ಶ್ರುತಿಗೂ ತಾಳಕ್ಕೂ ಅವರು ಒಂದು ಸಲವಾದರೂ ಬಂದರೇ, ಅಥವಾ ಅವನೇ ಆದ್ಯಂತವಾಗಿ ಅವರ ದಾರಿಗೆ ಬರಬೇಕಾಯಿತೇ? ಅವನು ಹೊರಟ ಮೇಲಿನ ಹಾಡಿನಲ್ಲಿ ಅವನ ನೆರಳು ಸ್ವಲ್ಪವಾದರೂ ಉಳಿಯಿತೇ? ಈ ಮೂರಕ್ಕೂ ಹೌದೆಂಬ ಉತ್ತರ ಬರುವ ಗೋಷ್ಠಿ ಅಪರೂಪ. ಒಂದಕ್ಕೆ ಬಂದರೂ ಹೋದ ಶ್ರಮ ವ್ಯರ್ಥವಲ್ಲ. ಚಪ್ಪಾಳೆಯನ್ನು ಅಂಥ ಗಳಿಗೆಗೆ ಮೀಸಲಿಡುವ ಸಭೆ ಕಲಾವಿದನಿಗೆ ದಾರಿ ತೋರಿಸಬಲ್ಲುದು. ಬೆರಳಿನ ವೇಗಕ್ಕೇ ಎಲ್ಲ ಚಪ್ಪಾಳೆಯೂ ಸಂದರೆ ಮುಂದಿನ ಗೋಷ್ಠಿಯಲ್ಲಿ ವೇಗವೇ ಹೆಚ್ಚಾಗುತ್ತದೆ. ಅದರ ಪಾಪದಲ್ಲಿ ಕೇಳಿದವರಿಗೂ ಪಾಲುಂಟು.

ಇನ್ನೂ ಒಂದು ಪ್ರಯೋಗ ನಡೆಯತಕ್ಕದ್ದಾಗಿದೆ. ಈವರೆಗೆ ಹೇಳಿದ ನಿದರ್ಶನಗಳಲ್ಲಿ ಬಹುಮಟ್ಟಿಗೆ ರಾಕ್ ಮೇಳ ಮನೆಯೊಡೆಯ, ನಾಡಿನ ವಾದ್ಯ ಅತಿಥಿ. ಇದನ್ನು ತಿರುಗಿಸಿ ನೋಡಬಾರದೇಕೆ? ಕೋಲಾರದ ಬಳಿ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಎಂಬ ಸಾಂಸ್ಕೃತಿಕ ಕೇಂದ್ರ ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡಿನ ಕೂಟಗಳನ್ನು ನಡೆಸಿ ಹೆಸರಾಯಿತು. ಅಂಥ ಬಯಲಿನಲ್ಲಿ ತಮಟೆಯವರೇ ಮನೆಯವರಾಗಿ, ಹಾಡಿನ ಕಾಲವನ್ನೂ ನಡೆಯನ್ನೂ ಅವರೇ ನಿಶ್ಚಯಿಸಿ, ವಿದ್ಯುತ್ ಗಿಟಾರಿನವನನ್ನು ಅತಿಥಿಯಾಗಿ ಕರೆಯಲಿ. ಬೆಂಕಿಗೆ ಕಾಯಿಸಿದ ಚರ್ಮದ ಶ್ರುತಿ ರಾತ್ರಿಯ ತಂಪಿಗೆ ಇಳಿದಂತೆಲ್ಲ ವಾದನ ನಿಲ್ಲುತ್ತದೆ, ತಮಟೆಯನ್ನು ಮತ್ತೆ ಕಾಯಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಗಿಟಾರಿನವನು ತನ್ನ ಯಂತ್ರದ ಗುಂಡಿಯನ್ನು ಇಳಿಸಿ, ಬೆಂಕಿಯ ಸುತ್ತ ಕುಳಿತವರ ಜೊತೆಯಲ್ಲಿ ಕುಳಿತು ಕಾಯಲಿ. ಹಾಗೆ ಕಾಯುವುದನ್ನು ಕಲಿತ ಮೇಲೆ ಅವನು ನುಡಿಸುವ ಮೊದಲ ಸ್ವರ ಹೇಗಿರುತ್ತದೆಂಬುದನ್ನು ಕೇಳಲು ಈ ಜಿಲ್ಲೆಯ ರಸಿಕರು ಆ ಬೆಟ್ಟವನ್ನು ಹತ್ತಿ ಹೋಗುವುದು ಸಾರ್ಥಕವಾದೀತು.